ಕಗ್ಗದ ಲೆಕ್ಕ

ಸಹಿ ಮಾಡುವುದು ನಮಗೆ ಹೊಸದಲ್ಲ. ಸರಕಾರಿ ಕಚೇರಿಯಲ್ಲಿ ಕಾರಕೂನರಾಗಿ ಹನ್ನೆರಡು ವರ್ಷ ಕಳೆದವರಿಗೆ ಅದು ಉಸಿರಾಟವಿದ್ದಂತೆ. ಬಂದ ಟಪಾಲಿಗೊಂದು, ಹೋದ ಟಪಾಲಿಗೊಂದು, ಟಿಪ್ಪಣಿಯ ಕೆಳಗೆ ಕಿರುಸಹಿ ಇನ್ನೊಂದು. ಮಧ್ಯಾಹ್ನ ಡಬ್ಬಿ ಬಿಚ್ಚುವ ಹೊತ್ತಿಗೆ ನಲವತ್ತು ಮುಗಿದಿರುತ್ತವೆ. ಇಂಥ ನಮಗೆ 2025ರ ಮಳೆಗಾಲದಲ್ಲಿ ಒಂದೇ ಒಂದು ಸಹಿ ಮೂರು ತಿಂಗಳು ನಿದ್ದೆ ಕೆಡಿಸಿತೆಂದರೆ ವಾಚಕರು ನಂಬಲಿಕ್ಕಿಲ್ಲ. ನಮಗೂ ನಂಬಿಕೆ ಬರಲು ತುಸು ಕಾಲ ಹಿಡಿಯಿತು.

ಆ ಕಾಗದ ಊರಿನಿಂದ ಬಂದದ್ದು. ಕಾಗದವೆಂದರೆ ಈ ಕಾಲದ ಕಾಗದ. ಚಿಕ್ಕಪ್ಪನ ಮಗ ಕರಾರುಪತ್ರದ ಕರಡನ್ನು ಫೋಟೋ ಹಿಡಿದು ವಾಟ್ಸಾಪಿನಲ್ಲಿ ಕಳಿಸಿದ್ದ. ಊರಿನ ಗಜನಿಯನ್ನು ಸೀಗಡಿ ಸಾಕಣೆಗೆ ಐದು ವರ್ಷ ಗುತ್ತಿಗೆಗೆ ಕೊಡುವ ಮಾತು ನಡೆದಿದೆ, ಊರಲ್ಲಿರುವ ಪಾಲುದಾರರು ಹೆಚ್ಚುಕಡಿಮೆ ಒಪ್ಪಿದ್ದಾರೆ, ಮುಂಬಯಿಯವರ ಸಹಿ ಮಾತ್ರ ಬಾಕಿ. ಇಷ್ಟು ಅದರ ಸಾರಾಂಶ. ಗುತ್ತಿಗೆಯ ಮೊತ್ತ ನೋಡಿ ನಮ್ಮ ಮನೆಯಾಕೆ ಕನ್ನಡಕ ಒರೆಸಿಕೊಂಡು ಎರಡನೆಯ ಸಲ ಓದಿದಳು. ಮಗಳ ಶಾಲೆಯ ಒಂದು ವರ್ಷದ ಫೀ ಅದರಲ್ಲಿ ಸಲೀಸಾಗಿ ಹೋಗಿ ಚೌತಿಗೆ ಬಟ್ಟೆಗೂ ಉಳಿಯುತ್ತಿತ್ತು.

ಗಜನಿಯೆಂದರೇನೆಂದು ಧಾರವಾಡ, ಮೈಸೂರು ಕಡೆಯ ವಾಚಕರು ಕೇಳುವುದು ಸಹಜ. ನಮ್ಮೂರು ಇರುವುದು ಉತ್ತರ ಕನ್ನಡದ ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ನದಿ ಕಡಲು ಸೇರುವ ಜಾಗಕ್ಕೆ ಸ್ವಲ್ಪ ಮೇಲೆ. ಅಲ್ಲಿ ನದಿಯೂ ಕಡಲೂ ಒಂದರ ಮನೆಗೊಂದು ಹೋಗಿಬಂದು ಮಾಡುತ್ತಿರುತ್ತವೆ. ಉಬ್ಬರದಲ್ಲಿ ಉಪ್ಪುನೀರು ಒಳಗೆ ಬರುತ್ತದೆ, ಇಳಿತದಲ್ಲಿ ಹೋಗುತ್ತದೆ. ಈ ನೀರಿಗೆ ಸಿಕ್ಕುವ ತಗ್ಗುಭೂಮಿಗೆ ಸುತ್ತಲೂ ಮಣ್ಣಿನ ಕಟ್ಟೆ ಹಾಕಿ, ಅಲ್ಲಲ್ಲಿ ತೂಬು ಇಟ್ಟು, ಹಲಗೆ ಏರಿಸಿ ಇಳಿಸಿ ನೀರನ್ನು ಬೇಕಾದಾಗ ಬಿಟ್ಟುಕೊಂಡು ಬೇಡವಾದಾಗ ತಡೆಯುವ ಗದ್ದೆಬಯಲೇ ಗಜನಿ. ಮಳೆಗಾಲ ಹಿಡಿದೊಡನೆ ತೂಬು ಮುಚ್ಚುತ್ತಾರೆ. ಮಳೆನೀರು ಮಣ್ಣಿನ ಉಪ್ಪನ್ನು ತೊಳೆಯುತ್ತದೆ. ಆಗ ಬಿತ್ತುವ ಭತ್ತದ ಹೆಸರು ಕಗ್ಗ.

ಕಗ್ಗವೆಂದೊಡನೆ ಡಿ. ವಿ. ಗುಂಡಪ್ಪನವರ ಮಂಕುತಿಮ್ಮ ನೆನಪಾಗುವುದುಂಟು. ಅದು ಬೇರೆ ಕಗ್ಗ. ಇದು ಹೊಟ್ಟೆಗೆ ಹಾಕಿಕೊಳ್ಳುವ ಕಗ್ಗ. ಎತ್ತರದ ಪೈರು. ನೆಲದಲ್ಲಿ ಉಪ್ಪಿದ್ದರೂ ಸಹಿಸುತ್ತದೆ, ನೆರೆಬಂದು ಕೆಲವು ದಿನ ನೀರು ನಿಂತರೂ ಸಹಿಸುತ್ತದೆ. ಗೊಬ್ಬರ ಕೇಳುವುದಿಲ್ಲ, ಔಷಧ ಕೇಳುವುದಿಲ್ಲ. ಕೊಯ್ಲು ಮುಗಿದ ಮೇಲೆ ತೂಬು ತೆರೆದು ಉಪ್ಪುನೀರು ಬಿಟ್ಟರೆ ಕೊಳೆತ ಕೂಳೆ ತಿನ್ನಲು ಮೀನು, ಸೀಗಡಿ (ನಮ್ಮೂರ ಮಾತಿನಲ್ಲಿ ಶೆಟ್ಲಿ) ತಾವಾಗಿಯೇ ಬರುತ್ತವೆ. ಅವು ಬಿಟ್ಟುಹೋದದ್ದು ಮುಂದಿನ ಭತ್ತಕ್ಕೆ ಗೊಬ್ಬರ. ಮಳೆಗಾಲಕ್ಕೆ ಅನ್ನ, ಬೇಸಗೆಗೆ ಮೀನು. ಕೇರಳದ ಪೊಕ್ಕಾಳಿ, ಕೈಪಾಡ್ ಬೇಸಾಯಗಳೂ ಈ ಜಾತಿಯವೇ. ಅವಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ.

ಈ ವ್ಯವಸ್ಥೆಯಲ್ಲಿ ಗದ್ದೆ ಬೇರೆ ಬೇರೆ, ನೀರು ಮಾತ್ರ ಒಂದೇ. ಯಾರದೋ ಪಾಲಿನ ಕಟ್ಟೆ ಒಡೆದರೆ ಎಲ್ಲರ ಪೈರಿಗೂ ಉಪ್ಪು. ಆದಕಾರಣ ಅಜ್ಜನ ಕಾಲದಲ್ಲಿ ಮಳೆಗಾಲಕ್ಕೆ ಮುಂಚೆ ಪ್ರತಿ ಪಾಲಿಗೂ ಒಬ್ಬಾಳಿನಂತೆ ಊರೇ ಬಂದು ಕಟ್ಟೆಗೆ ಮಣ್ಣು ಹೊರುತ್ತಿತ್ತು. ಆಳು ಕಳಿಸದ ಮನೆಯವರು ಬೇಸಗೆಯ ಮೀನಿನ ಪಾಲು ಕೇಳುವ ಹಾಗಿರಲಿಲ್ಲ. ಕಾಯಿದೆಯ ಪುಸ್ತಕದಲ್ಲಿಲ್ಲದ ಈ ಕಾಯಿದೆಯನ್ನು ಅಜ್ಜ ನಮಗೆ ಕಥೆಯಂತೆ ಹೇಳುತ್ತಿದ್ದರು. ಮುಂದೆ ಸರಕಾರದ ಖಾರ್‌ಲ್ಯಾಂಡ್ ಯೋಜನೆಯಲ್ಲಿ ಗಟ್ಟಿ ಕಟ್ಟೆ ಬಂತು. ಇದರಲ್ಲಿ ಮುಂಬಯಿಯ ಸಂಬಂಧವೂ ಇದೆ. ನಮ್ಮ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿತ್ತು; ಇಂಥ ಉಪ್ಪುಭೂಮಿಗಾಗಿ ಮುಂಬಯಿ ಸರಕಾರ 1948ರಲ್ಲಿ ಖಾರ್ ಜಮೀನುಗಳ ಕಾಯಿದೆ ಮಾಡಿತ್ತು. ಕಟ್ಟೆ ಸರಕಾರದ್ದಾಯಿತು ಎಂದೊಡನೆ ಜನರ ಬುಟ್ಟಿ ಅಟ್ಟ ಸೇರಿತು. ಕಲ್ಲಿನ ಕಟ್ಟೆಗೂ ವರ್ಷವರ್ಷ ಕೈ ಬೇಕೆಂಬುದನ್ನು ಎಲ್ಲರೂ ಮರೆತರು.

ಮರೆತವರಲ್ಲಿ ನಮ್ಮ ಮನೆಯವರೂ ಸೇರಿದ್ದಾರೆ. 1990ರ ದಶಕದ ಆರಂಭದಲ್ಲಿ ಕರಾವಳಿಗೆಲ್ಲ ಸೀಗಡಿಯ ಜ್ವರ ಹಿಡಿದಿತ್ತು. ನಮ್ಮ ಗಜನಿಗೂ ಒಬ್ಬ ಗುತ್ತಿಗೆದಾರ ಬಂದ. ಕಗ್ಗ ಬಿತ್ತುವುದು ಬಿಡಿ, ವರ್ಷವಿಡೀ ಉಪ್ಪುನೀರು ಇರಲಿ, ದುಡ್ಡು ಕೈಗೆ ಎಣಿಸುತ್ತೇನೆ ಎಂದ. ಅಪ್ಪ ಸಹಿ ಹಾಕಿದರು. ಆ ಹಣವೇ ಮುಲುಂಡಿನ ಈ ಮನೆಗೆ ಮುಂಗಡವಾಯಿತು. ನಮ್ಮ ತೊಟ್ಟಿಲೂ ಅದರಲ್ಲಿಯೇ ಬಂತೆಂದು ಅಮ್ಮ ಹೇಳುವುದುಂಟು. ಹೀಗೆ ಸೀಗಡಿಯ ಉಪ್ಪು ತಿಂದೇ ಬೆಳೆದ ನಾವು ಸೀಗಡಿಯನ್ನು ಬೈಯಲು ಹೊರಟಾಗ ಬಾಯಿ ಸ್ವಲ್ಪ ತೊದಲುತ್ತದೆ.

1994-95ರ ಹೊತ್ತಿಗೆ ಬಿಳಿಚುಕ್ಕೆ ರೋಗ ಭಾರತದ ಕರಾವಳಿಯ ಸೀಗಡಿ ಹೊಂಡಗಳಿಗೆ ನುಗ್ಗಿತು. ಒತ್ತೊತ್ತಾಗಿ ಸಾಕಿದ ಜೀವಿಗಳಲ್ಲಿ ರೋಗ ಬೆಂಕಿಯಂತೆ ಹರಡುತ್ತದೆ. ವಾರದೊಳಗೆ ಹೊಂಡಕ್ಕೆ ಹೊಂಡವೇ ಖಾಲಿ. 1996ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ಕರಾವಳಿ ನಿಯಂತ್ರಣ ವಲಯದಲ್ಲಿ ಸೀಗಡಿ ಉದ್ಯಮ ಕೂಡದೆಂದು ತೀರ್ಪಿತ್ತಿತು. 2005ರಲ್ಲಿ ಪಾರ್ಲಿಮೆಂಟು ಬೇರೊಂದು ಕಾಯಿದೆ ಮಾಡಿ ನೋಂದಣಿಯ ಷರತ್ತಿನ ಮೇಲೆ ಅದಕ್ಕೆ ಮತ್ತೆ ದಾರಿ ಕೊಟ್ಟಿತು. ಅದಕ್ಕೆ ಬಹಳ ಮುಂಚೆಯೇ ನಮ್ಮ ಗುತ್ತಿಗೆದಾರ ಪಂಪು ಕಿತ್ತುಕೊಂಡು ಹೋಗಿಯಾಗಿತ್ತು. ಉಳಿದದ್ದು ಹೊಂಡ, ಒಡೆದ ಕಟ್ಟೆ, ಉಪ್ಪು ಕುಡಿದ ನೆಲ. ಬಿತ್ತೋಣವೆಂದರೆ ಮನೆಯಲ್ಲಿ ಕಗ್ಗದ ಬೀಜವಿಲ್ಲ. ಭತ್ತದ ಬೀಜ ಚಿನ್ನದಂತೆ ಪೆಟ್ಟಿಗೆಯಲ್ಲಿಟ್ಟರೆ ಉಳಿಯುವ ವಸ್ತುವಲ್ಲ. ತಪ್ಪದೆ ನೆಲಕ್ಕೆ ಬೀಳುತ್ತಿದ್ದರೆ ಮಾತ್ರ ಅದಕ್ಕೆ ಆಯುಸ್ಸು. ಕಗ್ಗವನ್ನು ಬಿಡದೆ ಉಳಿಸಿಕೊಂಡಿದ್ದ ಮಾಣಿಕಟ್ಟಾ ಕಡೆಯಿಂದ ಚಿಕ್ಕಪ್ಪ ಬೀಜ ತಂದು, ಮೂರು ಮಳೆಗಾಲ ನೆಲ ತೊಳೆದ ಮೇಲೆ ಪೈರು ಎದ್ದಿತು. ಈಗ ನಮ್ಮ ಪಾಲಿನ ಒಂದೂವರೆ ಎಕರೆಯಲ್ಲಿ ಒಳ್ಳೆಯ ವರ್ಷ ಹತ್ತು ಚೀಲ ಭತ್ತವಾದರೆ ಅದೇ ದೊಡ್ಡದು.

ಇಷ್ಟು ಹಿನ್ನೆಲೆ. ಕರಡು ಬಂದ ರಾತ್ರಿ ಕಚೇರಿಯ ಅಭ್ಯಾಸದಂತೆ ನಾವು ಒಂದು ಹಾಳೆಯ ನಡುವೆ ಗೆರೆ ಎಳೆದೆವು. ಎಡಕ್ಕೆ ಕಗ್ಗ, ಬಲಕ್ಕೆ ಸೀಗಡಿ. ಕೂಲಿ, ಹತ್ತು ಚೀಲದ ಬೆಲೆ, ಬೇಸಗೆಯ ಮೀನಿನ ಪಾಲು ಎಲ್ಲ ಬರೆದು ಕೂಡಿದರೆ ಎಡಗಡೆಯಲ್ಲಿ ನಷ್ಟ. ಬಲಗಡೆಯಲ್ಲಿ ಲಾಭ, ಅದೂ ಬೆರಳೆತ್ತದೆ. ಲೆಕ್ಕ ಸರಿಯಾಗಿಯೇ ಇತ್ತು. ಆದರೂ ಸಹಿ ಮಾಡಲು ಕೈ ಬರಲಿಲ್ಲ. ಜಮಾಖರ್ಚು ಸರಿಹೋದ ಹಾಳೆಯಲ್ಲಿ ಯಾವುದೋ ವೋಚರು ಬಿಟ್ಟುಹೋಗಿದೆಯೆಂದು ಕಾರಕೂನನ ಮೂಗಿಗೆ ವಾಸನೆ ಬಡಿಯುವುದುಂಟು.

ಮರುದಿನ ಊಟಕ್ಕೆ ಕುಳಿತಾಗ ತಟ್ಟೆಯ ಅನ್ನ ನೋಡಿ ಆ ವೋಚರಿನ ಅರ್ಧ ಸಿಕ್ಕಿತು. ನಮ್ಮ ಮನೆಯ ಡಬ್ಬಿಯಲ್ಲಿರುವುದು ಕಗ್ಗವಲ್ಲ, ಗಂಗಾವತಿ ಕಡೆಯ ಸೋನಾ ಮಸೂರಿ. ತುಂಗಭದ್ರೆಯ ಕಾಲುವೆಯ ಅನ್ನ. ಆ ಅಣೆಕಟ್ಟಿನಲ್ಲಿ 1953ರಿಂದ ನೀರು ನಿಂತಿದೆ. ಎಡದಂಡೆಯ ಕಾಲುವೆಯನ್ನು ಯೋಜಿಸಿದವರ ಮನಸ್ಸಿನಲ್ಲಿದ್ದದ್ದು ಹೆಚ್ಚಾಗಿ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳು. ಬೆಳೆದದ್ದು ಭತ್ತ. ಒಬ್ಬೊಬ್ಬರ ಹಿಡುವಳಿ ಚಿಕ್ಕದಿರಬಹುದು, ವ್ಯವಸ್ಥೆ ಮಾತ್ರ ದೊಡ್ಡದು. ಒಂದೇ ಬೆಳೆ, ಒಂದೇ ಕಾಲುವೆ, ಮೂಟೆ ಮೂಟೆ ಗೊಬ್ಬರ, ದೂರದ ಪೇಟೆ. ಅದರ ಉಪಕಾರವನ್ನು ನಾವು ಮರೆಯಲಾರೆವು. ಅಂಥ ಕಾಲುವೆಗಳಿಲ್ಲದೆ ಮುಂಬಯಿಯಂಥ ಪಟ್ಟಣದ ಒಲೆ ಹೊತ್ತಲಾರದು. ನಮ್ಮೂರ ಗಜನಿಗಳೆಲ್ಲ ಸೇರಿದರೂ ಮುಲುಂಡಿಗೆ ಒಂದು ಹೊತ್ತಿನ ಗಂಜಿಯಾದೀತೋ ಇಲ್ಲವೋ.

ಆದರೆ ಅಲ್ಲಿಯೂ ಖರ್ಚಿಗೆ ಬೀಳದ ಬಾಬ್ತುಗಳಿವೆ. ಸುಮಾರು 133 ಟಿಎಂಸಿ ಅಡಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ 106ರ ಆಸುಪಾಸಿಗೆ ಇಳಿದಿದೆ. ಕಾಲುವೆಯ ತಲೆಯಲ್ಲಿರುವವರ ನೆಲದಲ್ಲಿ ನೀರು ನಿಂತು ಉಪ್ಪು ಮೇಲೇರಿದೆ, ತುದಿಯಲ್ಲಿರುವ ರಾಯಚೂರು ಕಡೆಯವರಿಗೆ ನೀರೇ ಮುಟ್ಟುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟು ಕೊಚ್ಚಿಹೋದಾಗ ಲಕ್ಷಾಂತರ ಎಕರೆಯ ರೈತರು ಎದೆ ಹಿಡಿದುಕೊಂಡರು. ಕಡಲು ಕಾಣದ ಸೀಮೆಯಲ್ಲಿ ನೆಲ ಉಪ್ಪಾಗುತ್ತಿದೆ. ಕಡಲೇ ಒಳಗೆ ಬರುವ ನಮ್ಮೂರಲ್ಲಿ ಉಪ್ಪನ್ನು ವರ್ಷವರ್ಷ ತೊಳೆದು ಅನ್ನ ತೆಗೆಯುತ್ತಾರೆ. ದೊಡ್ಡ ಬೇಸಾಯದ ಲೆಕ್ಕದಲ್ಲಿ ನೆಲದ ಸವಕಳಿಗೆ ಕಾಲಮ್ಮೇ ಇಲ್ಲ. ಇದು ನಾವು ಕಂಡುಕೊಂಡ ಮೊದಲನೆಯ ಸತ್ಯ. ಬಹಳ ಹೆಮ್ಮೆಯಾಯಿತು.

ಈ ಹೆಮ್ಮೆಯನ್ನು ಮನೆಯಾಕೆಯ ಮುಂದೆ ಬಿಚ್ಚಿದೆವು. ಅವಳು ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತದೆಯೇ ಕೇಳಿದಳು: "ಎಲ್ಲ ಸರಿ. ನೀವು ಸಹಿ ಹಾಕದಿದ್ದರೆ ಚಿಕ್ಕಪ್ಪನವರಿಗೂ ಹಣ ಬರುವುದಿಲ್ಲವಷ್ಟೆ? ನಿಮಗೆ ತಿಂಗಳ ಮೊದಲನೆಯ ತಾರೀಖು ಸಂಬಳ ಬರುತ್ತದೆ. ಅವರ ಮಂಡಿನೋವಿಗೆ ಯಾರು ಕೊಡುತ್ತಾರೆ? ನಿಮ್ಮ ತತ್ವದ ಬಿಲ್ಲು ಅವರ ಹೆಸರಿಗೆ ಹೋಗಬೇಕೆ?"

ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಉತ್ತರವಿಲ್ಲದಾಗ ನಾವು ವಾಕಿಂಗ್ ಹೋಗುವುದು ರೂಢಿ. ಮುಲುಂಡ್ ಪೂರ್ವದಲ್ಲಿ ಮೀಠಾಗರ್ ರಸ್ತೆಯೆಂಬುದೊಂದಿದೆ. ಮೀಠಾಗರ್ ಎಂದರೆ ಉಪ್ಪಿನ ಆಗರ. ಅದರಾಚೆ ಠಾಣೆ ಖಾಡಿಯ ಕಡೆಗೆ ಉಪ್ಪಿನ ಭೂಮಿ. ಅಲ್ಲಿಯೂ ಮಣ್ಣಿನ ಕಟ್ಟೆ, ಅಲ್ಲಿಯೂ ಉಬ್ಬರ ಇಳಿತ; ಕಣ್ಣು ಅರೆಮುಚ್ಚಿದರೆ ಸಾಣಿಕಟ್ಟಾದ ಉಪ್ಪಿನ ಗದ್ದೆಗಳ ಬಳಿ ನಿಂತಂತೆಯೇ. ಕಾಂಜೂರ್‌ಮಾರ್ಗ್, ಭಾಂಡುಪ್, ಮುಲುಂಡ್‌ಗಳ ಇಂಥ 255.9 ಎಕರೆಯನ್ನು ಧಾರಾವಿ ಪುನರ್ವಸತಿಯ ಬಾಡಿಗೆ ಮನೆಗಳಿಗೆ ತೆಗೆದುಕೊಳ್ಳಲು ಮಹಾರಾಷ್ಟ್ರ ಸರಕಾರ 2024ರಲ್ಲಿ ಒಪ್ಪಿತು. ಮುಲುಂಡಿನ ನಿವಾಸಿಗಳು ವಿರೋಧಿಸಿದರು. ನಾವೂ ಒಂದು ಮನವಿಗೆ ಸಹಿ ಹಾಕಿದ್ದೆವು. ಈ ತಗ್ಗುಭೂಮಿ ಉಬ್ಬರದ ನೀರನ್ನು ಹಿಡಿದಿಡುತ್ತದೆ, 2005ರ ಜುಲೈ 26ರ ಮಳೆಯನ್ನು ಮರೆಯಬೇಡಿ ಎಂದು. ಆ ಸಹಿಗೆ ಒಂದು ನಿಮಿಷವೂ ಹಿಡಿದಿರಲಿಲ್ಲ. ಬೇರೆಯವರ ಕಟ್ಟೆ ಉಳಿಸುವ ಸಹಿ ಎಷ್ಟು ಸುಲಭ ನೋಡಿ!

ಚೌತಿಗೆ ಊರಿಗೆ ಹೋದೆವು. ಠಾಣೆಯಲ್ಲಿ ಮತ್ಸ್ಯಗಂಧಾ ಹತ್ತಿದರೆ ಬೆಳಗಿಗೆ ಕುಮಟಾ. ಆ ವರ್ಷ ಚೌತಿ ಆಗಸ್ಟ್ 27ರಂದು. ಅದೇ ದಿನ ಅಮೆರಿಕ ಭಾರತದ ಸರಕಿನ ಮೇಲಿನ ಸುಂಕವನ್ನು ಶೇಕಡಾ 50ಕ್ಕೆ ಏರಿಸಿತು. ನಮ್ಮ ದೇಶದ ಸೀಗಡಿಯ ದೊಡ್ಡ ಗಿರಾಕಿ ಅಮೆರಿಕವೇ. ರಫ್ತುದಾರರು ಕಂಗಾಲಾದ ಸುದ್ದಿ ಟೀವಿಯಲ್ಲಿ ಬರುತ್ತಿತ್ತು. ಈಗ ಸಾಕುವ ವನಾಮಿ ಸೀಗಡಿಯಾದರೂ ನಮ್ಮ ಕಡಲಿನದಲ್ಲ. ಶಾಂತಸಾಗರದ ಆಚೆಯ ದಡದ ಆ ತಳಿಗೆ ನಮ್ಮಲ್ಲಿ 2009ರಲ್ಲಿ ಒಪ್ಪಿಗೆ ಸಿಕ್ಕಿತು. ಬೀಜ ಆ ದಡದ್ದು, ಊಟಕ್ಕೆ ಕೂರುವವರೂ ಆ ದಡದವರು. ನಡುವೆ ನಮ್ಮದು ನೆಲ ಮಾತ್ರ.

ಪೂಜೆ ಮುಗಿದ ಮರುದಿನ ಚಿಕ್ಕಪ್ಪ ನಮ್ಮನ್ನು ಕಟ್ಟೆಯ ಮೇಲೆ ಕರೆದೊಯ್ದರು. ಅರವತ್ತೆಂಟರ ವಯಸ್ಸು, ಮಂಡಿ ಹಿಡಿದುಕೊಂಡೇ ನಡೆಯುತ್ತಾರೆ. ಕಗ್ಗ ಎದೆಮಟ್ಟ ನಿಂತಿತ್ತು, ಬುಡದಲ್ಲಿ ನೀರು. ಬೆಳ್ಳಕ್ಕಿಗಳು ಕಟ್ಟೆಯ ಮೇಲೆ ನಮ್ಮ ಕಚೇರಿಯ ಅಧಿಕಾರಿಗಳಂತೆ ಕೆಲಸವಿಲ್ಲದೆ ಗಂಭೀರವಾಗಿ ನಿಂತಿದ್ದವು. ನಾವು ಸಿದ್ಧಮಾಡಿಕೊಂಡು ಹೋಗಿದ್ದ ಭಾಷಣ ತೆಗೆದೆವು. ಜಗತ್ತಿನ ಹಿಡುವಳಿಗಳಲ್ಲಿ ನೂರಕ್ಕೆ 84 ಎರಡು ಹೆಕ್ಟೇರಿಗಿಂತ ಚಿಕ್ಕವು. ಇರುವ ಕೃಷಿಭೂಮಿಯಲ್ಲಿ ಅವುಗಳ ಪಾಲು ನೂರಕ್ಕೆ ಸುಮಾರು 12. ಬೆಳೆಯುವ ಆಹಾರದಲ್ಲಿ ಮಾತ್ರ ಸುಮಾರು 35. ಅಘನಾಶಿನಿಯ ಅಳಿವೆ 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿ ಜಗತ್ತಿನ ಮಹತ್ವದ ಜೌಗುಭೂಮಿಯೆನಿಸಿದೆ. ಆದ್ದರಿಂದ ಕಗ್ಗ ಬಿಡಬಾರದು ಚಿಕ್ಕಪ್ಪಾ, ಎಂದು ಮುಗಿಸಿದೆವು.

ಚಿಕ್ಕಪ್ಪ ಬಗ್ಗಿ ಕಟ್ಟೆಯಲ್ಲಿ ಏಡಿ ಕೊರೆದ ಒಂದು ತೂತಿಗೆ ಕಾಲಿನಿಂದ ಮಣ್ಣು ಒತ್ತಿದರು. ಆಮೇಲೆ ಹೇಳಿದರು: "ಅದೆಲ್ಲಾ ಖರೆ ತಮಾ. ನೀನು ಮಣ್ಣು ಹೊರುಕೆ ಯಾವಾಗ ಬತ್ತೆ?"

ನಾವು ನಕ್ಕೆವು. ಅವರು ನಗಲಿಲ್ಲ.

ಆಗ ಬಿಟ್ಟುಹೋಗಿದ್ದ ವೋಚರಿನ ಇನ್ನರ್ಧ ಸಿಕ್ಕಿತು. ದೊಡ್ಡ ಬೇಸಾಯ ನೆಲದ ಸವಕಳಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಸರಿ. ಚಿಕ್ಕ ಬೇಸಾಯವನ್ನು ಹೊಗಳುವ ನಮ್ಮಂಥವರು ಮನುಷ್ಯನ ಸವಕಳಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಗ್ಗಕ್ಕೆ ಗೊಬ್ಬರ ಬೇಡ, ಔಷಧ ಬೇಡ, ಖರ್ಚಿಲ್ಲದ ಬೇಸಾಯವೆಂದು ಬರೆಯುತ್ತೇವೆ. ಖರ್ಚಿದೆ, ಅದು ಚಿಕ್ಕಪ್ಪನ ಮಂಡಿಯಲ್ಲಿದೆ. ಹಿಂದೆ ಪಾಲಿಗೊಬ್ಬಾಳು ಹಂಚಿಕೊಂಡಿದ್ದ ಭಾರ ಈಗ ಊರಲ್ಲುಳಿದ ನಾಲ್ಕು ಜನರ ತಲೆಯ ಮೇಲೆ ಕುಳಿತಿದೆ. ಪಾಲು ಬಿಡದೆ ಆಳನ್ನು ಮಾತ್ರ ಬಿಟ್ಟವರು ನಾವು. ಚಿಕ್ಕ ಹೊಲ ಚಿಕ್ಕದೆಂಬ ಕಾರಣಕ್ಕೆ ಬಾಳುವುದಿಲ್ಲ. ಸುತ್ತಲಿನ ಹತ್ತು ಚಿಕ್ಕವರು ಒಂದು ಕಟ್ಟೆಗೆ ಕೂಡಿದಾಗ ಬಾಳುತ್ತದೆ. ಕಟ್ಟೆಗೆ ಜನವಿಲ್ಲದಾಗ ಗುತ್ತಿಗೆದಾರ ಬರುತ್ತಾನೆ. ಅವನು ಬಂದು ಗಜನಿ ಕೆಟ್ಟಿತೆನ್ನುವುದು ತಪ್ಪು. ಮೊದಲು ನಾವು ಹೋದೆವು, ಖಾಲಿ ಬಿದ್ದ ಜಾಗಕ್ಕೆ ಅವನು ಬಂದ.

ಮುಂಬಯಿಗೆ ಮರಳಿ ನಮ್ಮ ಗಜನಿಯ ಪಾಲುದಾರರನ್ನು ಹುಡುಕಿದೆವು. ಡೊಂಬಿವಿಲಿ, ಠಾಣೆ, ಬೋರಿವಿಲಿ ಎಂದು ಹನ್ನೊಂದು ಮನೆ ಸಿಕ್ಕವು. ಎರಡು ಭಾನುವಾರ ಲೋಕಲ್ ಗಾಡಿಯಲ್ಲಿ ತಿರುಗಿ ಒಂದು ಮಾತು ಮುಂದಿಟ್ಟೆವು: ಸಹಿಯನ್ನು ಒಂದು ವರ್ಷ ತಡೆಯೋಣ, ಮಳೆಗಾಲಕ್ಕೆ ಮುಂಚೆ ಪಾಲಿಗೊಬ್ಬರಂತೆ ವಾರದ ಮಟ್ಟಿಗೆ ಕಟ್ಟೆಗೆ ಹೋಗೋಣ, ಹೋಗಲಾರದವರು ಒಬ್ಬಾಳಿನ ವಾರದ ಕೂಲಿ ಕಳಿಸೋಣ, ಕಗ್ಗದ ಅಕ್ಕಿಯನ್ನು ಪೇಟೆಯ ಬೆಲೆಗಲ್ಲ, ಬೆಳೆದ ಖರ್ಚಿಗೆ ನಾವೇ ಕೊಳ್ಳೋಣ. ಐದು ಮನೆಯವರು ಒಪ್ಪಿದರು. ನಾಲ್ವರು ನೋಡೋಣವೆಂದರು. ಒಬ್ಬರು, ಮಗನ ಇಂಜಿನಿಯರಿಂಗಿಗೆ ಹಣ ಬೇಕು, ಸಹಿ ಹಾಕುತ್ತೇನೆಂದು ನೇರವಾಗಿ ಹೇಳಿದರು. ಅವರನ್ನು ಹಳಿಯಲು ನಮಗೆ ಮುಖವಿಲ್ಲ. ನಮ್ಮ ತೊಟ್ಟಿಲಿನ ಕಥೆ ಮೊದಲೇ ಹೇಳಿದ್ದೇವೆ. ಹನ್ನೊಂದನೆಯವರು ಚಹಾ ಕೊಟ್ಟು ಕ್ರಿಕೆಟ್ಟಿನ ಮಾತಾಡಿದರು.

ಐದು ಮನೆಯ ಮಾತನ್ನು ಚಿಕ್ಕಪ್ಪನಿಗೆ ಫೋನಿನಲ್ಲಿ ತಿಳಿಸಿದೆವು. ಹನ್ನೊಂದರಲ್ಲಿ ಐದೆಂದರೆ ಅರ್ಧವೂ ಅಲ್ಲವೆಂದು ನಾವು ಪೇಚಾಡಿಕೊಂಡೆವು. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಐದು ಬುಟ್ಟಿ ಆಯ್ತಲ್ಲ. ಒಂದು ಮಳೆಗಾಲ ನೋಡುವಾ," ಎಂದರು. ಕರಾರುಪತ್ರ ಅಲ್ಲಿಗೇ ನಿಂತಿದೆ; ಹರಿದಿಲ್ಲ, ಸಹಿಯೂ ಆಗಿಲ್ಲ. ನಿರ್ಧಾರ ಮುಂದೂಡುವುದು ಸರಕಾರಿ ಕಚೇರಿಯ ರೋಗವೆನ್ನುತ್ತಾರೆ. ಈ ಒಂದು ಸಲ ಅದು ಮದ್ದಾದೀತೇ ಎಂಬ ಆಸೆ ನಮಗಿದೆ.

ಈ ಪತ್ರಿಕೆ ಓದುವ ಮನೆಗಳಲ್ಲಿ ಹಲವರಿಗೆ ಊರಲ್ಲೊಂದು ಪಾಲಿದ್ದೀತು. ಗಜನಿಯಲ್ಲದಿದ್ದರೆ ತೋಟ, ತೋಟವಲ್ಲದಿದ್ದರೆ ಎರೆಹೊಲ. ಕೊಡಬೇಡಿರೆಂದು ಉಪದೇಶಿಸುವ ಅರ್ಹತೆ ನಮಗಿಲ್ಲ. ಕೊಡುವುದಾದರೆ ಲೆಕ್ಕ ಪೂರ್ತಿ ಮಾಡಿ ಕೊಡಿ. ಇಟ್ಟುಕೊಳ್ಳುವುದಾದರೂ ಲೆಕ್ಕ ಪೂರ್ತಿ ಮಾಡಿಯೇ ಇಟ್ಟುಕೊಳ್ಳಿ. ಎರಡೂ ಕಡೆಯಲ್ಲಿ ಒಂದೊಂದು ವೋಚರು ಬಿಟ್ಟುಹೋಗಿರುತ್ತದೆ.

ಮೇ ತಿಂಗಳ ರಜೆಯ ಅರ್ಜಿ ಬರೆದು ಕೊಟ್ಟೆವು. ಕಾರಣದ ಜಾಗದಲ್ಲಿ ಏನು ಬರೆಯುವುದೆಂದು ತೋಚದೆ "ಮಣ್ಣು ಹೊರುವ ಕೆಲಸ" ಎಂದೇ ಬರೆದೆವು. ಸಾಹೇಬರು ಓದಿ, ಕನ್ನಡಕದ ಮೇಲಿಂದ ನಮ್ಮನ್ನು ನೋಡಿ, ಏನೂ ಕೇಳದೆ ಸಹಿ ಹಾಕಿದರು.